ಹಿಂಬಾಗಿಲ ನಕ್ಷೆ

ಜೂನ್ ೩, ಸೋಮವಾರ

ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಮೂರು ವಾರ. ಇವತ್ತಿನಿಂದ ವ್ಯಾಯಾಮ ಚಿಕಿತ್ಸೆ ಶುರು. ವಾರಕ್ಕೆ ಮೂರು ದಿನ, ಎರಡು ತಿಂಗಳು. ಅದೂ ಎಲ್ಲಿ? ನನ್ನ ಆಸ್ಪತ್ರೆಯಲ್ಲಿ!

ನನ್ನ ಆಸ್ಪತ್ರೆ ಎಂದರೆ ನಾನು ಕಟ್ಟಿಸಿದ್ದಲ್ಲ, ನಾನು ಡಾಕ್ಟರೂ ಅಲ್ಲ. ಆದರೆ ಅದರ ಗೋಡೆಯ ಮೇಲಿನ ಒಂದೊಂದು ಅಕ್ಷರವೂ ನನ್ನದು. ಕೊಠಡಿಯ ಅಂಕಿ, ಲಿಫ್ಟಿನ ಪಕ್ಕದ ಪಟ್ಟಿ, ಶೌಚಾಲಯದ ಬಾಗಿಲಿನ ಗೊಂಬೆ, ಮಹಡಿಗೊಂದು ಬಣ್ಣ, ಬಾಗಿಲಿಗೊಂದು ನಕ್ಷೆ. ಹದಿನಾಲ್ಕು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ. ಹೋದ ವರ್ಷ ಪ್ರಶಸ್ತಿ ಬಂದಾಗ ವೇದಿಕೆಯಲ್ಲಿ, 'ಒಳ್ಳೆಯ ವಿನ್ಯಾಸ ಕಣ್ಣಿಗೆ ಬೀಳುವುದಿಲ್ಲ, ಕೈ ಹಿಡಿದು ಕರೆದೊಯ್ಯುತ್ತದೆ' ಎಂದು ಭಾಷಣ ಬಿಗಿದು ಬಂದಿದ್ದೆ.

ಅಮ್ಮ ಗಾಲಿಕುರ್ಚಿಯಲ್ಲಿ ಕುಳಿತು ನೋಡಿದಳು. "ಅಕ್ಷರ ಯಾಕೇ ಇಷ್ಟು ಬಡಕಲಾಗಿದೆ? ವಾರದಿಂದ ಊಟ ಕಂಡಿಲ್ಲದ ಹಾಗೆ."

"ಅದು ಸೊಬಗು ಅಮ್ಮಾ."

"ಸೊಬಗಿಗೆ ಸ್ವಲ್ಪ ಮೈ ಬರಲಿ ಬಿಡು, ನಂಗೆ ಕಾಣಿಸ್ತಿಲ್ಲ."

ಚಿಕಿತ್ಸೆಯ ಕೋಣೆ ಹಿಂಬಾಗಿಲಿನ ಪಕ್ಕದಲ್ಲೇ ಇದೆ. ಆ ಬಾಗಿಲ ಒಳಗೆ ಕಾಲಿಟ್ಟರೆ ಎದುರು ಗೋಡೆಯಲ್ಲೇ ನನ್ನ ನಕ್ಷೆ ಕಾಣಬೇಕು. ಕಾಣಲಿಲ್ಲ! ಅದಕ್ಕೆ ಬೆನ್ನು ಕೊಟ್ಟು ಒಬ್ಬ ಮುದುಕ ನಿಂತಿದ್ದ. ಮಾಸಿದ ಖಾಕಿ ಅಂಗಿ. ಬಂದವರನ್ನೆಲ್ಲ ತಡೆದು, "ಎಲ್ಲಿಗೆ ಹೋಗ್ಬೇಕು? ತುರ್ತು ವಿಭಾಗಾನಾ? ಬಲಕ್ಕೆ, ಬಲಕ್ಕೆ" ಎಂದು ಕೈ ಬೀಸುತ್ತಿದ್ದ. ಹಿಂದೆ ಇಷ್ಟು ಚೆಂದದ ನಕ್ಷೆ ಇರುವಾಗ ಇವನದೇನು ಮಧ್ಯಸ್ಥಿಕೆ? ಮೈಯೆಲ್ಲ ಉರಿಯಿತು.

ಜೂನ್ ೫, ಬುಧವಾರ

ಮುದುಕ ಇವತ್ತೂ ಅಲ್ಲೇ. ತಲೆಯನ್ನು ನಕ್ಷೆಗೆ ಒರಗಿಸಿ ನಿಲ್ಲುತ್ತಾನೆ. ಅವನು ನೀರು ಕುಡಿಯಲು ಹೋದಾಗ ಹತ್ತಿರ ಹೋಗಿ ನೋಡಿದೆ. ಅವನ ತಲೆಯೆಣ್ಣೆಯ ಕಲೆ ಅಂಗೈಯಗಲ ಕೂತಿದೆ. ಅದೂ ಬಿಳಿ ಜಾಗದಲ್ಲಿ! ಆ ಬಿಳಿ ಜಾಗಕ್ಕಾಗಿ ನಾನು ಎಷ್ಟು ಸಭೆಗಳಲ್ಲಿ ಜಗಳವಾಡಿದ್ದೇನೆ.

ಕಾವಲುಗಾರನನ್ನು ಕೇಳಿದೆ. "ಅವ್ರಾ? ಡ್ರೈವರಣ್ಣ. ಬಸ್ ಓಡಿಸ್ತಿದ್ರು. ಪಾಪ, ಯಾರಿಗೂ ತೊಂದ್ರೆ ಇಲ್ಲ ಮೇಡಂ" ಎಂದ. ನನಗೆ ತೊಂದರೆ ಇದೆಯಲ್ಲ! ಆಡಳಿತ ಕಚೇರಿಗೆ ಹೋಗಿ ಎರಡು ಸಾಲಿನ ದೂರು ಕೊಟ್ಟು ಬಂದೆ. 'ಮಾಹಿತಿ ಫಲಕವನ್ನು ಅನಧಿಕೃತ ವ್ಯಕ್ತಿಯೊಬ್ಬರು ಮರೆಮಾಡುತ್ತಿದ್ದಾರೆ.' ಅಷ್ಟೇ. ವಿನಯವಾಗಿಯೇ ಬರೆದಿದ್ದೇನೆ.

ಜೂನ್ ೧೦, ಸೋಮವಾರ

ಮುದುಕನನ್ನು ಹೊರಗೆ ಹಾಕಿದ್ದಾರೆ. ಗೇಟಿನಾಚೆ, ರಸ್ತೆಯ ಬದಿಯಲ್ಲಿ ನಿಂತಿದ್ದಾನೆ. ನೆರಳೇ ಇಲ್ಲ ಅಲ್ಲಿ. ತಲೆಯ ಮೇಲೆ ಮಡಿಸಿದ ದಿನಪತ್ರಿಕೆ ಹಿಡಿದುಕೊಂಡು, ಒಳಗೆ ಬರುವ ಗಾಡಿಗಳ ಕಿಟಕಿಗೆ ಬಗ್ಗಿ, "ಒಳಗೆ ಹೋದ್ಮೇಲೆ ಬಲಕ್ಕೆ" ಎನ್ನುತ್ತಾನೆ. ಹಟಮಾರಿ.

ನಕ್ಷೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನಾಲ್ಕು ಫೋಟೋ ತೆಗೆದೆ. ಎರಡನೇ ಆಸ್ಪತ್ರೆಯ ಕೆಲಸ ನಮ್ಮ ಸ್ಟುಡಿಯೋಗೇ ಸಿಗುವ ಹಾಗಿದೆ. ಪಾಲುದಾರ ಹಿಗ್ಗಿ ಹೀರೇಕಾಯಿಯಾಗಿದ್ದಾನೆ. ಸ್ಟುಡಿಯೋದಲ್ಲಿ ನಾವಿಬ್ಬರೇ. ನಾನು ಗೀಚುವವಳು, ಅವನು ಮಾತಾಡುವವನು. ಫೋಟೋ ನೋಡಿ, "ಜನ ಇಲ್ದಿದ್ರೆ ಎಷ್ಟು ಚೆನ್ನಾಗಿ ಕಾಣುತ್ತೆ ನೋಡು" ಎಂದ. ಇಬ್ಬರೂ ನಕ್ಕೆವು.

ಜೂನ್ ೧೪, ಶುಕ್ರವಾರ

ಅಮ್ಮ ಆ ಮುದುಕನ ಜೊತೆ ಸ್ನೇಹ ಬೆಳೆಸಿದ್ದಾಳೆ. ನಾನು ಅವಳನ್ನು ಗೇಟಿನ ಬಳಿ ಬಿಟ್ಟು ಗಾಡಿ ತರಲು ಹೋದ ಹತ್ತು ನಿಮಿಷದಲ್ಲಿ ಅವನ ಊರು, ಕೇರಿ, ಬಸ್ಸಿನ ನಂಬರು ಎಲ್ಲ ತಿಳಿದುಕೊಂಡಿದ್ದಾಳೆ. "ಮೂವತ್ತೊಂದು ವರ್ಷ ಒಂದೇ ದಾರಿಲಿ ಬಸ್ ಓಡಿಸಿದ್ರಂತೆ ಕಣೇ. ಒಂದ್ ದಿನಾನೂ ನಿಲ್ದಾಣ ತಪ್ಪಿಸಿಲ್ಲವಂತೆ."

"ಈಗೇನು ಇಲ್ಲಿ ನಿಲ್ದಾಣ ಮಾಡ್ಕೊಂಡಿದಾರಾ?"

"ನಿನ್ ನಾಲಿಗೆಗೂ ಒಂದು ಶಸ್ತ್ರಚಿಕಿತ್ಸೆ ಮಾಡಿಸ್ಬೇಕು" ಎಂದಳು ಅಮ್ಮ.

ಜೂನ್ ೧೭, ಸೋಮವಾರ

ಇವತ್ತು ಅಮ್ಮನ ಮಂಡಿ ಊದಿತ್ತು. ಕ್ಷಕಿರಣ ತೆಗೆಸಿ ಬನ್ನಿ ಎಂದರು. ಅದು ಇರುವುದು ತುರ್ತು ವಿಭಾಗದ ಪಕ್ಕದಲ್ಲಿ. ಯಾವಾಗಲೂ ಮುಂಬಾಗಿಲಿನಿಂದ ಹೋಗಿ ಗೊತ್ತು. ಹಿಂಬಾಗಿಲಿನಿಂದ ಅಲ್ಲಿಗೆ ನಾನು ಯಾವತ್ತೂ ಹೋಗಿರಲಿಲ್ಲ. 'ನೋಡು ನಿನ್ನ ಮಗಳ ಕೆಲಸ ಹೇಗಿದೆ' ಎಂದು ಅಮ್ಮನಿಗೆ ತೋರಿಸುವ ಉಮೇದು ಬೇರೆ. ಗಾಲಿಕುರ್ಚಿಯನ್ನು ನಕ್ಷೆಯ ಮುಂದೆ ನಿಲ್ಲಿಸಿ ಹೇಳಿದೆ: "ಕೆಂಪು ಚುಕ್ಕೆ ಇದೆಯಲ್ಲ, ನಾವು ಇಲ್ಲಿದ್ದೀವಿ. ತುರ್ತು ವಿಭಾಗ ಎಡಗಡೆ ಇದೆ. ಹಾಗಾದ್ರೆ ಎಡಕ್ಕೆ ತಿರುಗೋಣ."

ತಿರುಗಿದೆವು. ಮುದುಕನ 'ಬಲಕ್ಕೆ, ಬಲಕ್ಕೆ' ನನ್ನ ತಲೆಗೇ ಬರಲಿಲ್ಲ. ಉದ್ದ ಪಡಸಾಲೆ. ಮುನ್ನೂರು ಹೆಜ್ಜೆಯಾದರೂ ಇರಬೇಕು. ಜನ ಕಡಿಮೆಯಾಗುತ್ತಾ ಹೋದರು. ಬಿಸಿ ಸೋಪಿನ ವಾಸನೆ ಬಂತು. ಕೊನೆಯಲ್ಲಿ ಎರಡು ಬಾಗಿಲು. ಒಂದು ದಾಸ್ತಾನು ಕೋಣೆ, ಬೀಗ. ಇನ್ನೊಂದು ಬಟ್ಟೆ ಒಗೆಯುವ ಕೋಣೆ. ಒಳಗಿನಿಂದ ಒಬ್ಬ ಹೆಂಗಸು ಹಾಸಿಗೆಯ ಬಟ್ಟೆ ಕೊಡವುತ್ತ, "ತುರ್ತು ವಿಭಾಗನಾ? ಆ ಕಡೆಯಮ್ಮ. ಎಲ್ಲರೂ ಇಲ್ಲೇ ಬರ್ತಾರೆ" ಎಂದಳು.

ಅಮ್ಮ ಬಿದ್ದುಬಿದ್ದು ನಕ್ಕಳು. "ನನ್ನ ಮಂಡೀನ ಒಗೆಸೋಕೆ ಕರ್ಕೊಂಡ್ ಬಂದ್ಯಾ?"

ನಾನೂ ನಕ್ಕೆ. ಮತ್ತೆ ಗಾಲಿಕುರ್ಚಿ ತಿರುಗಿಸಿಕೊಂಡು ನಕ್ಷೆಯ ಮುಂದೆ ಬಂದೆ. ನೋಡಿದೆ. ನನ್ನ ಎಡಗೈ ನೋಡಿದೆ.

ಅಮ್ಮನಿಗೆ ಮೂಳೆ ಏನೂ ಆಗಿಲ್ಲವಂತೆ. ಬರೀ ಊತ.

ಜೂನ್ ೧೮, ಮಂಗಳವಾರ

ಕಡತ ತೆಗೆದು ನೋಡಿದೆ. ನಕ್ಷೆ ಬರೆದದ್ದು ಮುಂಬಾಗಿಲಿಗಾಗಿ. ಅಲ್ಲಿ ಒಳಗೆ ಬಂದವರಿಗೆ ತುರ್ತು ವಿಭಾಗ ಎಡಕ್ಕೆ, ನಕ್ಷೆಯಲ್ಲೂ ಎಡಕ್ಕೆ. ಸರಿ. ಹಿಂಬಾಗಿಲಿನಿಂದ ಬರುವವರು ಎದುರು ದಿಕ್ಕಿಗೆ ಮುಖ ಮಾಡಿರುತ್ತಾರೆ. ಅವರಿಗೆ ಅದು ಬಲಕ್ಕೆ. ಅವರ ನಕ್ಷೆಯನ್ನು ತಲೆಕೆಳಗು ತಿರುಗಿಸಿ ಬರೆಯಬೇಕಿತ್ತು. ನಾನು ಕೆಂಪು ಚುಕ್ಕೆಯನ್ನು ಮಾತ್ರ ಸರಿಸಿದ್ದೇನೆ. ನಕ್ಷೆಯನ್ನು ತಿರುಗಿಸಿಲ್ಲ.

ಮರೆತಿದ್ದಲ್ಲ. ಆಗಿನ ಟಿಪ್ಪಣಿಯಲ್ಲಿ ನನ್ನ ಕೈಬರಹದಲ್ಲೇ ಇದೆ: 'ಎಲ್ಲ ಫಲಕಗಳಲ್ಲೂ ಒಂದೇ ಚಿತ್ರ. ಏಕರೂಪತೆ ಮುಖ್ಯ.' ಮೇಜಿನ ಮೇಲೆ ಹನ್ನೊಂದು ನಕ್ಷೆ ಸಾಲಾಗಿ ಜೋಡಿಸಿ, ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡಿದ್ದು ನೆನಪಿದೆ. ಎಲ್ಲ ಅಣ್ಣತಮ್ಮಂದಿರ ಹಾಗೆ ಒಂದೇ ಥರ ಕಂಡಿದ್ದವು. ಎಷ್ಟು ಖುಷಿಯಾಗಿತ್ತು! ಒಂದನ್ನಾದರೂ ಅದರ ಗೋಡೆಯ ಮುಂದೆ ನಿಂತು ನೋಡಲಿಲ್ಲ.

ಹಿಂಬಾಗಿಲಿನದು, ಮೇಲಿನ ಮಹಡಿಗಳಲ್ಲಿ ಇನ್ನೆರಡು. ಮೂರು ತಪ್ಪು. ಹನ್ನೊಂದರಲ್ಲಿ ಎಂಟು ಸರಿ ಇವೆ. ಯಾರಿಗೂ ದೊಡ್ಡ ತೊಂದರೆ ಆದ ಹಾಗಿಲ್ಲ. ಒಗೆಯುವ ಹೆಂಗಸಿಗೆ ಕಿರಿಕಿರಿ, ಅಷ್ಟೇ.

ಜೂನ್ ೨೧, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆದಿಡುತ್ತೇನೆ.

ಮನೆಗೆ ಬರುವಾಗ ಗಾಡಿಯಲ್ಲಿ ಅಮ್ಮ ಹೇಳಿದಳು. ಫೆಬ್ರವರಿಯಲ್ಲಿ ಡ್ರೈವರಣ್ಣನ ಹೆಂಡತಿಗೆ ಮನೆಯಲ್ಲೇ ಎದೆನೋವು ಬಂತಂತೆ. ಊರಿನ ದಾರಿಯೆಲ್ಲ ಬಲ್ಲವರಲ್ಲವೇ, ಮುಂದಿನ ರಸ್ತೆಯಲ್ಲಿ ಗಾಡಿಗಳು ಸಿಕ್ಕಿಕೊಂಡಿರುತ್ತವೆ ಎಂದು ಹಿಂಬಾಗಿಲಿಗೆ ಟ್ಯಾಕ್ಸಿ ತಂದರು. ಕಾವಲುಗಾರ ಊಟಕ್ಕೆ ಹೋಗಿದ್ದ, ಪಕ್ಕದ ಚಿಕಿತ್ಸೆಯ ಕೋಣೆಯೂ ಮುಚ್ಚಿತ್ತು. ಹೆಂಡತಿಯನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಮಲಗಿಸಿ, ನಕ್ಷೆ ನೋಡಿ, ಜನ ಕರೆತರಲು ಓಡಿದರು. ಎಡಕ್ಕೆ ಓಡಿದರು. ಆ ಹೊತ್ತಿಗೆ ಒಗೆಯುವ ಕೋಣೆಗೂ ಬೀಗ. ಇನ್ನೊಂದು ತಿರುವು ಇರಬಹುದೆಂದು ಅಲ್ಲೇ ಹುಡುಕಿದರು. ವಾಪಸು ಬಂದರು. ಆಮೇಲೆ ಬಲಕ್ಕೆ ಓಡಿದರು. ಸ್ಟ್ರೆಚರು ಬರುವಷ್ಟರಲ್ಲಿ ಒಂಬತ್ತು ನಿಮಿಷ. ಡಾಕ್ಟರು ಹೊರಗೆ ಬಂದು, "ಸ್ವಲ್ಪ ಮುಂಚೆ ತಂದಿದ್ರೆ ನೋಡಬಹುದಿತ್ತು" ಎಂದರಂತೆ. ಅದನ್ನು ಮಗಳು ಕೇಳಿಸಿಕೊಂಡಳು.

"ಅವತ್ತಿಂದ ಆ ಹುಡುಗಿ ಅಪ್ಪನ ಜೊತೆ ಮಾತು ಬಿಟ್ಟಿದಾಳಂತೆ" ಎಂದಳು ಅಮ್ಮ. "ನಕ್ಷೆಲಿ ಎಡಕ್ಕೆ ಅಂತಾನೇ ಇತ್ತು ಅಂತ ಇವ್ರು ಹೇಳ್ತಾರಂತೆ. 'ದೊಡ್ಡ ಆಸ್ಪತ್ರೆಯವ್ರು ತಪ್ಪು ಬರೀತಾರಾ? ನಿಮಗೆ ಓದೋಕೆ ಬರ್ಲಿಲ್ಲ ಅನ್ನಿ' ಅಂತ ಮಗಳು. ಇವ್ರಿಗೂ ಈಗ ಅನುಮಾನ. ಕೈ ನಡುಗ್ತಿತ್ತು, ನಾನೇ ತಪ್ಪು ನೋಡಿದ್ನೇನೋ ಅಂತಾರೆ. ಅದಕ್ಕೇ ದಿನಾ ಬಂದು ನಿಂತ್ಕೋತಾರೆ, ಇನ್ಯಾರೂ ನನ್ ಥರ ಪೆದ್ದರಾಗೋದು ಬೇಡ ಅಂತ."

ನಾನು ಗಾಡಿ ಓಡಿಸುತ್ತಿದ್ದೆ. ನಮ್ಮ ಮನೆಯ ತಿರುವು ದಾಟಿ ಮುಂದೆ ಹೋಗಿಬಿಟ್ಟೆ. ಅಮ್ಮ ಬೈದಳು.

ಜೂನ್ ೨೨, ಶನಿವಾರ

ಪಾಲುದಾರನಿಗೆ ಹೇಳಿದೆ. ನಕ್ಷೆಯದು ಮಾತ್ರ. ಡ್ರೈವರಣ್ಣನ ಹೆಂಡತಿಯ ವಿಷಯ ಬಾಯಿಗೆ ಬರಲಿಲ್ಲ. ಸಂಜೆಯ ಹೊತ್ತಿಗೆ ಅದನ್ನೂ ಹೇಳಿದೆ. ಅವನ ಮುಖದ ಬಣ್ಣವೇ ಇಳಿಯಿತು.

"ಯಾರಿಗೆ ಹೇಳಿದೀಯಾ?"

"ನಿಂಗೊಬ್ಬನಿಗೇ."

"ಹಾಗೇ ಇರ್ಲಿ. ನೋಡು, ಅವ್ರಿಗೆ ಆಯಸ್ಸು ಅಷ್ಟೇ ಇತ್ತು. ಒಂಬತ್ತು ನಿಮಿಷದಲ್ಲಿ ಉಳೀತಿದ್ರು ಅಂತ ಯಾರು ಬರ್ಕೊಟ್ಟಿದಾರೆ? ಈಗ ಫಲಕ ತೆಗೆದ್ರೆ ತಪ್ಪು ಒಪ್ಕೊಂಡ ಹಾಗೆ. ಎರಡನೇ ಆಸ್ಪತ್ರೆ ಹೋಯ್ತು, ನಮ್ಮ ಹೆಸರೂ ಹೋಯ್ತು. ಬಣ್ಣ ಮಾಸಿದೆ ಅಂತ ಸ್ವಲ್ಪ ದಿನ ಬಿಟ್ಟು ಸದ್ದಿಲ್ದೆ ಬದಲಾಯಿಸೋಣ."

ಅವನು ಕೆಟ್ಟವನಲ್ಲ. ಹನ್ನೆರಡು ವರ್ಷದಿಂದ ನೋಡಿದ್ದೇನೆ. ನನಗೂ ಅದೇ ಸರಿ ಎನಿಸಿತು. ಸರಿಪಡಿಸುವುದು ಮುಖ್ಯ ತಾನೇ?

ಜೂನ್ ೨೬, ಬುಧವಾರ

ಏನೂ ವಿಶೇಷವಿಲ್ಲ.

ಜೂನ್ ೨೮, ಶುಕ್ರವಾರ

ಕಾಫಿ ಅಂಗಡಿಯ ಬಾಗಿಲಲ್ಲಿ 'ತಳ್ಳಿ' ಎಂದು ಬರೆದು ಎಳೆಯುವ ಹಿಡಿ ಹಾಕಿದ್ದಾರೆ. ಮುಂಚೆ ಆಗಿದ್ದರೆ ನಕ್ಕು ಫೋಟೋ ತೆಗೆಯುತ್ತಿದ್ದೆ. ಇವತ್ತು ಒಬ್ಬ ಹೆಂಗಸು ಕಂಕುಳಲ್ಲಿ ಮಗುವಿಟ್ಟುಕೊಂಡು ಆ ಬಾಗಿಲನ್ನು ಮೂರು ಸಲ ಎಳೆದು, "ನಂಗ್ಯಾಕೋ ಬುದ್ಧೀನೇ ಇಲ್ಲ" ಎಂದು ತನ್ನನ್ನೇ ಬೈದುಕೊಂಡಳು. ಬಾಗಿಲನ್ನು ಬೈಯಲಿಲ್ಲ. ಯಾರೂ ಬಾಗಿಲನ್ನು ಬೈಯುವುದಿಲ್ಲ.

ಕಾಫಿ ಕುಡಿಯದೆ ಎದ್ದು ಬಂದೆ.

ಜುಲೈ ೧, ಸೋಮವಾರ

ಆಡಳಿತ ಕಚೇರಿಗೆ ಹೋಗಿ ನನ್ನ ದೂರು ವಾಪಸು ಪಡೆದೆ. ಬಿಸಿಲಲ್ಲಿ ವಯಸ್ಸಾದವರು ನಿಂತಿರುವುದು ಆಸ್ಪತ್ರೆಗೆ ಶೋಭೆಯಲ್ಲ ಎಂದೆ. ಡ್ರೈವರು ಮತ್ತೆ ಒಳಗೆ ಬಂದಿದ್ದಾರೆ. ನಕ್ಷೆಗೆ ಬೆನ್ನು ಕೊಟ್ಟು, ಅದೇ ಜಾಗದಲ್ಲಿ.

ನಾವು ಹೊರಡುವಾಗ ನನ್ನ ಹತ್ತಿರ ಬಂದು ಕೈ ಮುಗಿದರು. "ನಿಮ್ ತಾಯಿ ಹೇಳಿದ್ರು. ನೀವೇ ಮಾತಾಡಿ ಒಳಗೆ ಬಿಡಿಸಿದ್ರಂತೆ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಮ್ಮಾ."

ಹೊರಗೆ ಹಾಕಿಸಿದವಳೂ ನಾನೇ ಎಂದು ಅಮ್ಮನಿಗೆ ಗೊತ್ತಿಲ್ಲ. ಅವರ ಮುಗಿದ ಕೈ ನೋಡಲಾಗಲಿಲ್ಲ. ಕೆಲಸವಿದೆ ಎಂದು ಗಾಡಿಯ ಕಡೆ ಓಡಿದೆ.

ಜುಲೈ ೪, ಗುರುವಾರ

ಎಲ್ಲಿ ನೋಡಿದರೂ ಅವರೇ ನಿಂತಿರುತ್ತಾರೆ. ಬಸ್ ನಿಲ್ದಾಣದ ವೇಳಾಪಟ್ಟಿಯ ಮುಂದೆ, ಬ್ಯಾಂಕಿನ ಸೂಚನೆಯ ಮುಂದೆ, ಔಷಧಿ ಅಂಗಡಿಯ ಗಾಜಿನ ಮುಂದೆ. ತಿರುಗಿ ನೋಡಿದರೆ ಬೇರೆ ಯಾರೋ. ಅಕ್ಷರಕ್ಕೆ ಮುಖ ಹತ್ತಿರ ತಂದು, ತುಟಿ ಅಲ್ಲಾಡಿಸುತ್ತ ಓದುವವರು. ಇಷ್ಟು ಜನ ಹೀಗೆ ಓದುತ್ತಾರೆಂದು ನಾನು ನೋಡಿಯೇ ಇರಲಿಲ್ಲ. ಇಪ್ಪತ್ತು ವರ್ಷ ನಾನು ಯಾರಿಗೆ ಬರೆಯುತ್ತಿದ್ದೆ?

ಅಮ್ಮನ ಮಾತ್ರೆ ಡಬ್ಬಿಗಳ ಮೇಲೆ ದಪ್ಪ ಪೆನ್ನಿನಲ್ಲಿ 'ಬೆಳಗ್ಗೆ', 'ರಾತ್ರಿ' ಎಂದು ಬರೆದೆ. ಅಮ್ಮ ನೋಡಿ, "ಈಗ ಮೈ ಬಂತು ಅಕ್ಷರಕ್ಕೆ" ಎಂದಳು.

ಜುಲೈ ೯, ಮಂಗಳವಾರ

ಮುಗಿಯಿತು. ಬೆಳಗ್ಗೆ ಆರಕ್ಕೇ ಹೋಗಿ ಮೂರೂ ಫಲಕ ಬದಲಾಯಿಸಿದೆವು. ಬಣ್ಣ ಮಾಸಿದೆ ಎಂದಿದ್ದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದೊಂದಕ್ಕೆ ನಾಲ್ಕೇ ತಿರುಪು. ಹೊಸ ನಕ್ಷೆಯ ಮುಂದೆ ನಿಂತು ಬಲಗೈ ಎತ್ತಿ ನೋಡಿದೆ, ಎರಡು ಸಲ. ಸರಿ ಇದೆ. ಅಕ್ಷರವನ್ನೂ ದಪ್ಪ ಮಾಡಿದ್ದೇನೆ. ಬಿಳಿ ಜಾಗ ಹೋಯಿತು, ಹೋಗಲಿ.

ಹಳೆಯ ಹಿಂಬಾಗಿಲ ಫಲಕವನ್ನು ಎಸೆಯಬೇಕೆಂದೇ ಗಾಡಿಗೆ ಹಾಕಿಕೊಂಡೆ. ಯಾಕೋ ಎಸೆಯಲಾಗಲಿಲ್ಲ. ನನ್ನ ಕೋಣೆಯ ಬಾಗಿಲ ಹಿಂದೆ ಇಟ್ಟಿದ್ದೇನೆ.

ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಿದೆ. ಇನ್ನು ಅವರು ದಿನಾ ನಿಲ್ಲಬೇಕಾಗಿಲ್ಲ.

ಜುಲೈ ೧೨, ಶುಕ್ರವಾರ

ಅಯ್ಯೋ, ನಾನು ಏನು ಮಾಡಿಬಿಟ್ಟೆ!

ಇವತ್ತು ಅವರು ನಿಂತಿರಲಿಲ್ಲ, ಬೆಂಚಿನ ಮೇಲೆ ಕೂತಿದ್ದರು. ಅದೇ ಬೆಂಚು. ಅಮ್ಮ ಒಳಗಿದ್ದಳು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಕೂರದೆ ಇರಲಾಗಲಿಲ್ಲ.

"ನಿನ್ನೆ ಮಗಳು ಬಂದಿದ್ಲಮ್ಮಾ ಇಲ್ಲಿಗೆ" ಎಂದರು. "ಅವಳಮ್ಮ ಹೋದ್ಮೇಲೆ ಈ ಬಾಗಿಲಿಗೆ ಕಾಲಿಟ್ಟಿರ್ಲಿಲ್ಲ. ಯಾರಿಗೋ ಔಷಧಿ ಬೇಕಿತ್ತೇನೋ. ಆ ನಕ್ಷೆ ಮುಂದೆ ನಿಂತ್ಲು. ತುಂಬಾ ಹೊತ್ತು ನಿಂತ್ಲು. ನನ್ ಕಡೆ ತಿರುಗಿ ಒಂದೇ ಮಾತು, 'ಬಲಗಡೆ ಅಂತ ಇಷ್ಟು ದಪ್ಪಗಿದೆಯಲ್ಲಪ್ಪಾ' ಅಂದ್ಲು. ಐದು ತಿಂಗಳಾದ್ಮೇಲೆ ಆಡಿದ ಮಾತು ಅದು."

ನಾನು ಹೊಸ ಫಲಕದ ಕಡೆ ನೋಡಿದೆ.

"ನಾನೂ ಹೋಗಿ ನೋಡ್ದೆ. ಹೌದು, ಬಲಗಡೆ ಅಂತಾನೇ ಇದೆ. ನನ್ ಮಗಳು ಹೇಳಿದ್ದೇ ಸರಿ. ಇಷ್ಟು ದಿನ ಒಳಗೆ ಎಲ್ಲೋ ಒಂದು ಆಸೆ ಇತ್ತಮ್ಮಾ, ನಾನು ಸರಿಯಾಗೇ ನೋಡಿದ್ದೆ, ನಕ್ಷೇನೇ ಏನೋ ಹೆಚ್ಚುಕಮ್ಮಿ ಇದೆ ಅಂತ. ದಿನಾ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದು ಅದಕ್ಕೇ ಇರ್ಬೇಕು. ಮತ್ತೆ ತಿರುಗಿ ನೋಡೋ ಧೈರ್ಯ ಇರ್ಲಿಲ್ಲ. ನನ್ ಕೈಯಾರೆ ಅವಳನ್ನ ಕಳಕೊಂಡೆ."

ಫಲಕ ಬದಲಾದದ್ದು ಅವರಿಗೆ ತಿಳಿದಿಲ್ಲ. ಹೇಗೆ ತಿಳಿಯಬೇಕು? ಅಕ್ಷರ ದಪ್ಪಗಾದದ್ದು ಬಿಟ್ಟರೆ ಅದೇ ಅಳತೆ, ಅದೇ ಬಣ್ಣ, ಅದೇ ಕೆಂಪು ಚುಕ್ಕೆ. ವ್ಯತ್ಯಾಸ ಗೊತ್ತಾಗದ ಹಾಗೆ ಮಾಡಿದವಳು ನಾನೇ.

ಹೇಳಬೇಕೆಂದು ಬಾಯಿ ತೆರೆದೆ. "ಬಿಸಿಲು ಜಾಸ್ತಿ ಇದೆ, ಮನೆಗೆ ಹೋಗಿ ಮಲಗಿ" ಎಂದೆ. ಥೂ ನನ್ನ ಬಾಯಿಗಿಷ್ಟು.

ಜುಲೈ ೧೫, ಸೋಮವಾರ

ಅವರು ಬಂದಿಲ್ಲ. ಕಾವಲುಗಾರ ಹೇಳಿದ: "ಇನ್ನು ಬರಲ್ಲ ಅಂದ್ರು ಮೇಡಂ. ಬೋರ್ಡ್ ಸರಿಯಾಗೇ ಇದೆ, ಸರಿ ಇಲ್ದಿರೋನು ನಾನೇ, ನಾನ್ಯಾಕೆ ದಾರಿ ತೋರಿಸ್ಲಿ ಅಂದ್ರು."

ಅಮ್ಮನ ಚಿಕಿತ್ಸೆ ಮುಗಿಯುವವರೆಗೆ ಅಲ್ಲೇ ನಿಂತಿದ್ದೆ. ಜನ ಬರುತ್ತಿದ್ದರು, ನಕ್ಷೆ ನೋಡುತ್ತಿದ್ದರು, ಬಲಕ್ಕೆ ಹೋಗುತ್ತಿದ್ದರು. ಇಬ್ಬರು ಮೂವರು ನನ್ನನ್ನೇ ಕೇಳಿದರು. ಹೇಳಿದೆ. ಒಬ್ಬ ಅಜ್ಜಿಯನ್ನು ಬಾಗಿಲವರೆಗೆ ಬಿಟ್ಟು ಬಂದೆ. ಅಮ್ಮ ಹೊರಗೆ ಬಂದು ನನ್ನನ್ನು ಹುಡುಕಬೇಕಾಯಿತಂತೆ.

ಜುಲೈ ೧೭, ಬುಧವಾರ

ಇವತ್ತೂ ಇಲ್ಲ. ಅವರ ಜಾಗ ಖಾಲಿ. ಖಾಲಿ ಜಾಗವನ್ನು ಅಷ್ಟು ಪ್ರೀತಿಸಿದವಳು ನಾನು. ಆ ಗೋಡೆಯ ಮುಂದಿನ ಎರಡು ಅಡಿ ಖಾಲಿ ನೋಡಲು ನನ್ನಿಂದ ಆಗುತ್ತಿಲ್ಲ.

ಸಂಜೆ ಅಮ್ಮ ಊರುಗೋಲು ಹಿಡಿದು ಮೊದಲ ಸಲ ತಾನೇ ನನ್ನ ಕೋಣೆಗೆ ನಡೆದು ಬಂದಳು. ಬಾಗಿಲು ತಳ್ಳಿದಾಗ ಹಿಂದೆ ಇಟ್ಟಿದ್ದ ಫಲಕ ಉರುಳಿಬಿತ್ತು. ಹಾಸಿಗೆಯ ಮೇಲೆ ಕುಳಿತು ಅದನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು. ಬೆರಳಿನಿಂದ ಕೆಂಪು ಚುಕ್ಕೆ ಮುಟ್ಟಿ ಎಡಕ್ಕೆ ಎಳೆದಳು.

"ಅವತ್ತು ನಾವು ಬಟ್ಟೆ ಒಗೆಯೋ ಕೋಣೆಗೆ ಹೋದ್ವಲ್ಲ" ಎಂದಳು. ಆಮೇಲೆ, "ಆ ಮನುಷ್ಯನೂ ಅಲ್ಲಿಗೇ ಹೋಗಿದ್ರಲ್ವಾ."

ನಾನು ಅಳಲು ಶುರುಮಾಡಿದೆ. ಅಮ್ಮ ಸಮಾಧಾನ ಮಾಡಲಿಲ್ಲ. ತಲೆ ಸವರಲಿಲ್ಲ. "ಅತ್ಕೋ. ಆದ್ರೆ ನನ್ ಮುಂದೆ ಅತ್ತು ಏನ್ ಪ್ರಯೋಜನ? ಅವ್ರ ಮನೆ ಎಲ್ಲಿದೆ ಅಂತ ಕೇಳ್ಕೊಂಡ್ ಬಾ" ಎಂದಳು.

ಜುಲೈ ೧೯, ಶುಕ್ರವಾರ

ಹೋಗಿದ್ದೆ.

ಕಾವಲುಗಾರ ವಿಳಾಸ ಕೊಟ್ಟ. ಬಸ್ ಡಿಪೋದ ಹಿಂದಿನ ಬೀದಿ, ಎರಡು ಕೋಣೆಯ ಮನೆ. ಫಲಕವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಹೊತ್ತುಕೊಂಡು ಹೋದೆ. ಮಗಳು ಬಾಗಿಲು ತೆರೆದಳು. ನನಗಿಂತ ಚಿಕ್ಕವಳು, ಮೂವತ್ತು ಇರಬಹುದು. ಕೊರಳಲ್ಲಿ ಅಳತೆ ಪಟ್ಟಿ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವರು ಒಳಗೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನನ್ನು ಕಂಡು ಗಡಿಬಿಡಿಯಿಂದ ಎದ್ದು ಅಂಗಿಯ ಗುಂಡಿ ಹಾಕಿಕೊಂಡರು. "ಬನ್ನಿ ಬನ್ನಿ, ಅಮ್ಮ ಹೇಗಿದಾರೆ?"

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಒಂದೂ ಬರಲಿಲ್ಲ. ಬಟ್ಟೆ ಬಿಚ್ಚಿ ಫಲಕವನ್ನು ಗೋಡೆಗೆ ಒರಗಿಸಿದೆ. "ಫೆಬ್ರವರೀಲಿ ಅಲ್ಲಿ ಇದ್ದದ್ದು ಇದು. ಹೋದ ವಾರ ನಾನು ಇದನ್ನ ತೆಗೆದು ಬೇರೆ ಹಾಕಿದೆ. ಇದನ್ನ ಬರೆದವಳೂ ನಾನೇ" ಎಂದೆ.

ಅವರು ಮೆಲ್ಲನೆ ಬಂದು ಅದರ ಮುಂದೆ ನಿಂತರು. ಆಸ್ಪತ್ರೆಯಲ್ಲಿ ನಿಲ್ಲುವ ಹಾಗೆ ಬೆನ್ನು ಕೊಟ್ಟಲ್ಲ, ಮುಖ ಕೊಟ್ಟು. ಬಲು ಹೊತ್ತು ನೋಡಿದರು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ತಮ್ಮ ಎಡಗೈಯನ್ನು ಸ್ವಲ್ಪ ಮೇಲೆತ್ತಿದರು.

"ನಾನು ಸರಿಯಾಗೇ ನೋಡಿದ್ನಾ?"

"ಹೌದು. ನೀವು ಸರಿಯಾಗೇ ನೋಡಿದ್ರಿ. ನಾನು ತಪ್ಪಾಗಿ ಬರೆದಿದ್ದೆ."

"ಇನ್ನೊಂದ್ಸಲ ಹೇಳಮ್ಮಾ."

ಹೇಳಿದೆ.

"ಅವಳಿಗೆ ಹೇಳು. ಅಲ್ಲಿ ನಿಂತಿದಾಳಲ್ಲ, ಅವಳಿಗೆ ಹೇಳು." ದನಿ ಜೋರಾಯಿತು. ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿ. ಕಣ್ಣಲ್ಲಿ ನೀರು, ಸಿಟ್ಟು ಎರಡೂ ಇತ್ತು.

ಮಗಳಿಗೆ ಹೇಳಿದೆ. ಮೂರನೇ ಸಲ. ಅವಳು ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿಸಿಕೊಂಡಳು. ಅಪ್ಪನ ಕಡೆ ನೋಡಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದಳು: "ನಿಮಗೆ ಇದು ಯಾವಾಗ ಗೊತ್ತಾಯ್ತು?"

"ಒಂದು ವಾರದ ಹಿಂದೆ" ಎಂದೆ.

ಅಷ್ಟೆಲ್ಲ ಹೇಳಿದವಳು ಅದೊಂದನ್ನು ಯಾಕೆ ಹಾಗೆ ಹೇಳಿದೆ? ಗೊತ್ತಿಲ್ಲ. ಬಾಯಿಗೆ ತಾನಾಗಿ ಬಂತು.

ಜುಲೈ ೨೦, ಶನಿವಾರ

ಬೆಳಗ್ಗೆ ಆಸ್ಪತ್ರೆಗೆ ಪತ್ರ ಕೊಟ್ಟೆ. ಮೂರು ಫಲಕ, ನನ್ನ ಟಿಪ್ಪಣಿ, ದಿನಾಂಕ, ಎಲ್ಲ ಬರೆದು ಸಹಿ ಮಾಡಿದೆ. ಪಾಲುದಾರನಿಗೆ ಪ್ರತಿ ತೋರಿಸಿದೆ. ಓದಿ ಮೇಜಿನ ಮೇಲಿಟ್ಟು, "ನನ್ನನ್ನ ಒಂದು ಮಾತು ಕೇಳ್ಬಹುದಿತ್ತು" ಎಂದ. ಕೇಳಿದ್ದೆನಲ್ಲ, ಕೇಳಿದ್ದಕ್ಕೇ ತಾನೇ ಇಷ್ಟಾಯಿತು. ಆದರೆ ತಪ್ಪು ಅವನದಲ್ಲ. ಸುಮ್ಮನೆ ನನ್ನ ಪೆನ್ನು, ಅಳತೆಗೋಲು ಚೀಲಕ್ಕೆ ಹಾಕಿಕೊಂಡು ಬಂದೆ.

ಮನೆಗೆ ಬಂದು ಈ ಪುಸ್ತಕದ ಪುಟ ತಿರುಗಿಸಿದೆ. ಜೂನ್ ಹದಿನೇಳು. ಗಾಲಿಕುರ್ಚಿ ತಿರುಗಿಸಿಕೊಂಡು ಬಂದು ನನ್ನ ಎಡಗೈ ನೋಡಿಕೊಂಡ ದಿನ. ಅಲ್ಲಿಂದ ನಿನ್ನೆಗೆ ಮೂವತ್ತೆರಡು ದಿನ. ಒಂದು ವಾರವಂತೆ!

ಮಧ್ಯಾಹ್ನ ಮತ್ತೆ ಹೋದೆ. ಮಗಳೇ ಬಾಗಿಲು ತೆರೆದಳು. ಒಳಗೆ ಕರೆಯಲಿಲ್ಲ.

"ನಿನ್ನೆ ಸುಳ್ಳು ಹೇಳಿದೆ. ನಂಗೆ ಗೊತ್ತಾಗಿ ಮೂವತ್ತೆರಡು ದಿನ ಆಗಿತ್ತು."

ಅವಳು ಲೆಕ್ಕ ಹಾಕುತ್ತಿದ್ದಳು. ಕಣ್ಣು ಎಲ್ಲೋ ಹಿಂದಕ್ಕೆ ಹೋಗಿತ್ತು.

"ಜೂನ್ ಕೊನೇಲಿ ಅಪ್ಪನಿಗೆ ಜ್ವರ ಬಂದಿತ್ತು" ಎಂದಳು. "ಎರಡು ದಿನ ಮಲಗಿದ್ರು. ಬಿಸಿಲಲ್ಲಿ ನಿಂತು ನಿಂತು ಬಂದಿದ್ದು. ನೀರು ನೀರು ಅಂತಿದ್ರು. ನಾನು ಈ ಮಿಷನ್ ಮುಂದೆ ಕೂತಿದ್ದೆ, ಕೇಳಿಸ್ತಿತ್ತು. ಎದ್ದು ಹೋಗ್ಲಿಲ್ಲ. ಅವ್ರೇ ಗೋಡೆ ಹಿಡ್ಕೊಂಡು ಎದ್ದು ಬಂದು ಕುಡಿದ್ರು."

ಬಿಸಿಲಿಗೆ ನಿಲ್ಲಿಸಿದವಳು ಯಾರೆಂಬುದೂ ಇವಳಿಗೆ ಗೊತ್ತಿರಲಿಲ್ಲ. ಅದನ್ನೂ ಹೇಳಿದೆ.

"ನೀವು ಅವತ್ತೇ ಬಂದು ಹೇಳಿದ್ರೆ ನಾನು ಎದ್ದು ಹೋಗ್ತಿದ್ದೆ" ಎಂದಳು. ಜೋರಾಗಿ ಅಲ್ಲ, ಮೆತ್ತಗೆ. "ಅಮ್ಮನ ವಿಷಯ ಡಾಕ್ಟರಿಗೂ ಗೊತ್ತಿಲ್ಲ, ಉಳೀತಿದ್ರೋ ಇಲ್ವೋ. ಇದು ನಂಗೆ ಗೊತ್ತು. ನಾನು ಎದ್ದು ಹೋಗ್ತಿದ್ದೆ."

ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದಾಯಿತು. ನಾನು ಮೆಟ್ಟಿಲ ಮೇಲೇ ನಿಂತಿದ್ದೆ. ಒಳಗೆ ಮಿಷನ್ ಶುರುವಾಗಿ ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ಆಮೇಲೆ ಅವಳ ದನಿ, ಗದರಿಸುವ ಹಾಗೆ, ಆದರೆ ನಡುಗುತ್ತಿತ್ತು: "ಅಪ್ಪಾ, ಬರೀ ನೆಲದ ಮೇಲೆ ಯಾಕ್ ಕೂತಿದೀರಾ? ಮೇಲೆದ್ದು ಕೂತ್ಕೊಳ್ಳಿ."

ಅವಳು ಇನ್ನೊಂದು ಸಲ, "ಅಪ್ಪಾ" ಎಂದು ಕರೆದಳು.